ಚೀನಾದ ಬೆಲ್ಟ್ ಆ್ಯಂಡ್ ರೋಡ್ ಯೋಜನೆಯ ಬಗ್ಗೆ ಭಾರತ ಮೆತ್ತಗಾಗುತ್ತಿದೆಯೇ?

ಬೇರೆ ಬೇರೆ ದೇಶಗಳಲ್ಲಿ ರಸ್ತೆ, ರೈಲು, ಬಂದರು ಕಟ್ಟಿ ವ್ಯಾಪಾರದ ದಾರಿ ಜೋಡಿಸುವ ಈ ಯೋಜನೆಯನ್ನು ಮೊದಲು ಖಡಾಖಂಡಿತವಾಗಿ ಬೇಡವೆಂದ ಭಾರತ ಈಗ ಮೆತ್ತಗಾಗುತ್ತಿದೆಯೇ ಎಂದು ಕೇಳಿದ್ದೀರಿ. ನಾನು ವಿದೇಶಾಂಗ ತಜ್ಞನಲ್ಲ, ಮಂಗಳೂರಿನ ಪಣಂಬೂರು ಬಂದರಿನಲ್ಲಿ ರಫ್ತಿನ ಕಾಗದಪತ್ರ ಮಾಡಿಸುವವನು. ನನಗೆ ಕಂಡಷ್ಟು ಹೇಳುತ್ತೇನೆ.

ಆ ‘ಬೇಡ’ ಬದಲಾಗಿಲ್ಲ. ಆದರೆ ಅದು ಮೊದಲಿನಿಂದ ಇದ್ದದ್ದೂ ಅಲ್ಲ. ಷಿ ಜಿನ್‌ಪಿಂಗ್ ಯೋಜನೆ ಪ್ರಕಟಿಸಿದ 2013ರಲ್ಲೇ ದೆಹಲಿ, ಕೋಲ್ಕತ್ತದಿಂದ ಚೀನಾದ ಕುನ್‌ಮಿಂಗ್ ನಗರದವರೆಗಿನ ಕಾರಿಡಾರ್ ಬಗ್ಗೆ ಚೀನಾದ ಜೊತೆ ಅಧ್ಯಯನಕ್ಕೆ ಒಪ್ಪಿತ್ತು. 2015ರಲ್ಲಿ ಚೀನಾ–ಪಾಕಿಸ್ತಾನ ಆರ್ಥಿಕ ಕಾರಿಡಾರ್‌ಗೆ ಸಹಿ ಬಿದ್ದ ಮೇಲೆ ಮಾತು ಕೆಟ್ಟಿತು. ಅದು ಹಾದುಹೋಗುವುದು ಭಾರತ ತನ್ನದೆನ್ನುವ, ಪಾಕಿಸ್ತಾನದ ಕೈಯಲ್ಲಿರುವ ಗಿಲ್ಗಿಟ್–ಬಾಲ್ಟಿಸ್ತಾನದ ಮೂಲಕ. ನಮ್ಮೂರಿನಲ್ಲಿ ಜಾಗದ ತಕರಾರು ಕೋರ್ಟಿನಲ್ಲಿರುವಾಗಲೇ ಆಚೆಮನೆಯವನು ಅದರೊಳಗೆ ಮಾರ್ಗ ಕಡಿದರೆ, ಉದ್ಘಾಟನೆಯ ಊಟಕ್ಕೆ ಯಾರಾದರೂ ಹೋಗುತ್ತಾರೆಯೇ? 2017ರ ಮೇ ತಿಂಗಳಿನ ಬೆಲ್ಟ್ ಆ್ಯಂಡ್ ರೋಡ್ ಬೀಜಿಂಗ್ ಸಮಾವೇಶಕ್ಕೆ ಭಾರತ ಹೋಗಲಿಲ್ಲ. 2019 ಮತ್ತು 2023ರಲ್ಲೂ ಹೋಗಲಿಲ್ಲ.

ಹಾಗೆಂದು ಚೀನಾ ಮುಂದಾಳಾಗಿರುವ ಬ್ಯಾಂಕಿನ ಹಣ ನಮಗೆ ಕಹಿಯಲ್ಲ. ಬೀಜಿಂಗ್‌ನಲ್ಲಿರುವ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕಿನಲ್ಲಿ ಚೀನಾ ಬಿಟ್ಟರೆ ಹೆಚ್ಚು ಪಾಲು ಭಾರತದ್ದೇ. ಸಮಾವೇಶಕ್ಕೆ ಬೆನ್ನು ತೋರಿಸಿದ ಅದೇ 2017ರ ಕೊನೆಗೆ ಬೆಂಗಳೂರು ಮೆಟ್ರೊಗೆ 33.5 ಕೋಟಿ ಡಾಲರ್ ಸಾಲ ಮಂಜೂರಾದದ್ದು ಅಲ್ಲಿಂದಲೇ.

ನಿಜವಾದ ಬದಲಾವಣೆ ಕಾಣುವುದು ಸಮುದ್ರದಲ್ಲಿ. ದೊಡ್ಡ ಕಂಟೇನರ್ ಹಡಗು ಬಂದು ನಿಲ್ಲುವಷ್ಟು ಸರಕು ಪಣಂಬೂರಿನಲ್ಲಿ ಸೇರುವುದಿಲ್ಲ. ಹಾಗಾಗಿ ನಮ್ಮ ಕಾಫಿ, ಗೇರುಬೀಜ ಎಷ್ಟೋ ಸಲ ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊಗೆ ಹೋಗಿ ಅಲ್ಲಿ ದೊಡ್ಡ ಹಡಗು ಹತ್ತುತ್ತವೆ. ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರು ನಮ್ಮ ಗಿರಾಕಿ. ಚೀನಾದ ಪಟಾಕಿಯನ್ನೂ ಮನೆಯೊಳಗೆ ಬಿಟ್ಟುಕೊಳ್ಳದವರು. ಅವರ ಕಂಟೇನರ್ ಒಮ್ಮೆ ಕೊಲಂಬೊದಲ್ಲಿ ಒಂಬತ್ತು ದಿನ ಕಾದು ಕುಳಿತಿತ್ತು. ಎಲ್ಲಿದೆ ಎಂದು ಫೋನಿನಲ್ಲಿ ಕೇಳಿದರು. ಮೊಬೈಲ್ ನೋಡಿ ಟರ್ಮಿನಲ್ಲಿನ ಹೆಸರು ಹೇಳಿದೆ. ಅದರಲ್ಲಿ ಶೇ 85ರಷ್ಟು ಪಾಲು ಚೀನಾದ ಸರ್ಕಾರಿ ಕಂಪನಿಯದ್ದು ಎಂದೂ ಹೇಳಿದೆ (ಹೇಳಬಾರದಿತ್ತು). ಸ್ವಲ್ಪ ಹೊತ್ತು ಆಚೆಯಿಂದ ಸದ್ದಿಲ್ಲ.

ಬಹಿಷ್ಕಾರದಿಂದ ಕಂಟೇನರ್ ಹೋಗುವ ದಾರಿ ಬದಲಾಗುವುದಿಲ್ಲ ಎಂಬುದು ದೆಹಲಿಗೂ ತಡವಾಗಿಯಾದರೂ ಹೊಳೆದಂತಿದೆ. ಈಗ ತನ್ನದೇ ದಾರಿ ಹುಡುಕುತ್ತಿದೆ. 2024ರಲ್ಲಿ ಇರಾನಿನ ಚಾಬಹಾರ್ ಬಂದರಿನ ಟರ್ಮಿನಲ್ ನಡೆಸಲು ಹತ್ತು ವರ್ಷದ ಒಪ್ಪಂದವಾಯಿತು. 2023ರ ಜಿ20 ಶೃಂಗಸಭೆಯಲ್ಲಿ ಘೋಷಿಸಿದ ಭಾರತ–ಮಧ್ಯಪ್ರಾಚ್ಯ–ಯುರೋಪ್ ಕಾರಿಡಾರ್ ಇನ್ನೂ ಹೆಚ್ಚಾಗಿ ನಕ್ಷೆಯಲ್ಲೇ ಇದೆ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಲಂಬೊದಲ್ಲೇ, ಚೀನಾದ ಟರ್ಮಿನಲ್ಲಿಗೆ ಪೈಪೋಟಿಯಾಗಿ, 2025ರ ಏಪ್ರಿಲ್‌ನಲ್ಲಿ ಅದಾನಿ ಪಾಲುದಾರಿಕೆಯ ಪಶ್ಚಿಮ ಟರ್ಮಿನಲ್ ಶುರುವಾಯಿತು. ಮರುತಿಂಗಳು, ದೊಡ್ಡ ಕಂಟೇನರ್ ಹಡಗುಗಳೇ ಬಂದು ನಿಲ್ಲುವ ಕೇರಳದ ವಿಳಿಂಜಂ ಬಂದರು ಉದ್ಘಾಟನೆಯಾಯಿತು.

ಆ ವ್ಯಾಪಾರಿ ಮೊನ್ನೆ ಮತ್ತೆ ಫೋನ್ ಮಾಡಿದ್ದರು. “ಈ ಸಲ ವಿಳಿಂಜಂ ಮೇಲೆ ಕಳಿಸಲು ಆಗುತ್ತದೆಯೇ ಮಾರಾಯರೇ?”

ಹಡಗಿನ ಕಂಪನಿಯನ್ನು ವಿಚಾರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.