ಕೊನೆಯ ಮೆಟ್ಟಿಲಲ್ಲೇ ಏಕೆ ಬೀಳುತ್ತಾರೆ?

ಓದುಗರ ಪ್ರಶ್ನೆಗಳಿಗೆ ಸಿವಿಲ್ ಎಂಜಿನಿಯರ್ ಉತ್ತರ

ಪ್ರಶ್ನೆ: ತುಮಕೂರಿನಲ್ಲಿ ನಮ್ಮದು 30×40 ನಿವೇಶನದ ಮನೆ. ಮಹಡಿಗೆ ಹೊರಗಿನಿಂದ ಮೆಟ್ಟಿಲಿದ್ದು, ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಹಾಸಲಾಗಿದೆ. ಕಳೆದ ವರ್ಷ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ ಮೇಲೆ ನಮ್ಮ ಅತ್ತೆಯವರು ಇಳಿಯುವಾಗ ಎರಡು ಸಲ ಬಿದ್ದರು, ಎರಡೂ ಸಲ ಕೊನೆಯ ಮೆಟ್ಟಿಲಲ್ಲೇ. ಬಾಡಿಗೆಯವರ ಮಗ ಹತ್ತುವಾಗ ಅಲ್ಲೇ ಎಡವಿದ. ಅಂಗಳ ಎತ್ತರವಾದದ್ದರಿಂದ ಆ ಮೆಟ್ಟಿಲು 7 ಅಂಗುಲದಿಂದ 4 ಅಂಗುಲಕ್ಕೆ ಇಳಿದಿದೆ, ಇನ್ನೂ ಸುಲಭವಾಗಬೇಕಿತ್ತಲ್ಲವೇ? ಜಾರದಂತೆ ಟೇಪ್ ಅಂಟಿಸಿದರೆ ಸಾಕೇ?

ಉತ್ತರ: ಸಾಕಾಗುವುದಿಲ್ಲ. ಜಾರುವಿಕೆ ನಿಮ್ಮ ಮನೆಯ ಎರಡನೆಯ ತೊಂದರೆ. ಮೊದಲನೆಯದು ಆ 4 ಅಂಗುಲ.

ಮೆಟ್ಟಿಲಿಳಿಯುವವರು ಮೊದಲ ಎರಡು ಮೂರು ಹೆಜ್ಜೆಗಳನ್ನು ನೋಡಿ ಇಡುತ್ತಾರೆ. ಆಮೇಲೆ ಕಾಲು ತಾನು ಕಲಿತ ಅಳತೆಯ ಮೇಲೆಯೇ ನಡೆಯುತ್ತದೆ, ಕಣ್ಣು ಬೇರೆಡೆಗೆ ಹೋಗುತ್ತದೆ. ಪ್ರತಿ ಸಲ 7 ಅಂಗುಲ ಕೆಳಗೆ ಸಿಕ್ಕಿದ ನೆಲ ಕೊನೆಯಲ್ಲಿ 4 ಅಂಗುಲಕ್ಕೇ ಪಾದಕ್ಕೆ ಬಡಿದಾಗ ಮಂಡಿ ಭಾರ ಹೊರಲು ಸಿದ್ಧವಾಗಿರುವುದಿಲ್ಲ, ಮೈ ಮುಂದಕ್ಕೆ ವಾಲುತ್ತದೆ. ಯುವಕರು ಒಂದು ಹೆಜ್ಜೆ ಓಡಿ ಸಾವರಿಸಿಕೊಳ್ಳುತ್ತಾರೆ. ಹಿರಿಯರಿಗೆ ಅಷ್ಟು ವೇಗ ಇರುವುದಿಲ್ಲ. ಹತ್ತುವಾಗ ಇದರ ತಿರುಗುಮುರುಗು: ಮೊದಲ ಹೆಜ್ಜೆಗೆ 4 ಅಂಗುಲ ಎತ್ತಿದ ಕಾಲು ಎರಡನೆಯದಕ್ಕೂ ಅಷ್ಟೇ ಎತ್ತುತ್ತದೆ, ಹೆಬ್ಬೆರಳು ಅಂಚಿಗೆ ತಾಗುತ್ತದೆ. ಬಾಡಿಗೆಯವರ ಹುಡುಗ ಎಡವಿದ್ದು ಹೀಗೆಯೇ ಇರಬೇಕು.

ಕಡಿದಾದ ಮೆಟ್ಟಿಲೇ ಅಪಾಯಕಾರಿ ಎಂದು ನಮ್ಮಲ್ಲಿ ನಂಬಿಕೆಯಿದೆ. ನನ್ನ ಅನುಭವದಲ್ಲಿ ತುಸು ಕಡಿದಾದರೂ ಸಮನಾದ ಮೆಟ್ಟಿಲಿಗಿಂತ, ಕಡಿದಲ್ಲದಿದ್ದರೂ ಒಂದೆರಡು ಕಡೆ ಅಳತೆ ತಪ್ಪಿದ ಮೆಟ್ಟಿಲು ಹೆಚ್ಚು ಜನರನ್ನು ಬೀಳಿಸುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ (2016) ವಾಸದ ಮನೆಯಲ್ಲಿ ಮೆಟ್ಟಿಲಿನ ಎತ್ತರ 190 ಮಿ.ಮೀ. ಮೀರಬಾರದು, ಕಾಲಿಡುವ ಅಗಲ 250 ಮಿ.ಮೀ.ಗಿಂತ ಕಡಿಮೆ ಇರಬಾರದು ಎನ್ನುತ್ತದೆ. ನಿಮ್ಮ 7 ಅಂಗುಲವೆಂದರೆ ಸುಮಾರು 178 ಮಿ.ಮೀ., ಆ ಮಿತಿಯೊಳಗೇ ಇದೆ. ಎರಡು ಎತ್ತರ ಮತ್ತು ಒಂದು ಅಗಲ ಕೂಡಿದರೆ ಸುಮಾರು 24 ಅಂಗುಲ ಬರಬೇಕೆಂಬ ಲೆಕ್ಕವನ್ನು ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲಾಂಡೆಲ್ 17ನೆಯ ಶತಮಾನದಲ್ಲೇ ಕೊಟ್ಟಿದ್ದ; ನಮ್ಮ ಮೇಸ್ತ್ರಿಗಳು ಬಳಸುವ 7 ಮತ್ತು 10 ಅಂಗುಲದ ಜೋಡಿ ಅದಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಒಂದೇ ಸಾಲಿನ ಮೆಟ್ಟಿಲುಗಳ ನಡುವಿನ ವ್ಯತ್ಯಾಸವನ್ನು ಇಲ್ಲಿ ಯಾರೂ ಅಳೆಯುವುದಿಲ್ಲ. ಅಮೆರಿಕದ ನಿಯಮಗಳಲ್ಲಿ ಅತಿ ಎತ್ತರದ ಮತ್ತು ಅತಿ ತಗ್ಗಿನ ಮೆಟ್ಟಿಲಿನ ನಡುವೆ 9.5 ಮಿ.ಮೀ.ಗಿಂತ ಹೆಚ್ಚು ಅಂತರ ಇರುವಂತಿಲ್ಲ. ನಿಮ್ಮಲ್ಲಿ ಅದು 75 ಮಿ.ಮೀ. ದಾಟಿದೆ.

ಪರಿಹಾರ ಹೀಗೆ. ಮೆಟ್ಟಿಲಿನ ಬುಡದಲ್ಲಿ ಅಂಗಳವನ್ನು ಇನ್ನೂ 4 ಅಂಗುಲ ಎತ್ತರಿಸಿ, ಕೆಳಗಿನ ಮೆಟ್ಟಿಲಿನ ಮಟ್ಟಕ್ಕೇ ನಾಲ್ಕಡಿ ಉದ್ದದ ಕಟ್ಟೆ ಮಾಡಿಸಿ. ಅಲ್ಲಿಗೆ ಆ ಮೆಟ್ಟಿಲೇ ಇಲ್ಲವಾಗುತ್ತದೆ. ಕಟ್ಟೆಯಿಂದ ಅಂಗಳಕ್ಕೆ 1:12ರ ಇಳಿಜಾರು ಕೊಟ್ಟರೆ 4 ಅಂಗುಲ ಇಳಿಯಲು ಇನ್ನು ನಾಲ್ಕಡಿ ಬೇಕು. ಅಷ್ಟು ಜಾಗವಿಲ್ಲದಿದ್ದರೆ ಬುಡದ ಇಂಟರ್‌ಲಾಕ್ ಕಿತ್ತು ಹಳೆಯ ಮಟ್ಟಕ್ಕೆ ಇಳಿಸಬಹುದು, ಆದರೆ ನೀರು ಹೋಗಲು ದಾರಿ ಮಾಡದಿದ್ದರೆ ಮೆಟ್ಟಿಲಿನ ಬಾಯಲ್ಲೇ ಹೊಂಡ ನಿಲ್ಲುತ್ತದೆ. ಆದ್ದರಿಂದ ನಾನು ಮೊದಲನೆಯದನ್ನೇ ಹೇಳುತ್ತೇನೆ. ಕೆಲಸ ಮುಗಿದ ಮೇಲೆ ಎಲ್ಲ ಮೆಟ್ಟಿಲುಗಳನ್ನೂ ಅಂಚಿನಿಂದ ಅಂಚಿಗೆ ಟೇಪಿನಲ್ಲಿ ಅಳೆದು, ಸೀಮೆಸುಣ್ಣದಲ್ಲಿ ಪಕ್ಕದ ಗೋಡೆಯ ಮೇಲೆ ಬರೆದು ನೋಡಿ.

ಮನೆ ಕಟ್ಟಿಸುತ್ತಿರುವವರಿಗೂ ಇಲ್ಲೇ ಒಂದು ಮಾತು. ಸೆಂಟ್ರಿಂಗ್ (ಕಾಂಕ್ರೀಟಿಗೆ ಅಚ್ಚು ಕಟ್ಟುವ) ಹಂತದಲ್ಲಿ ಮೆಟ್ಟಿಲುಗಳೆಲ್ಲ ಸಮನಾಗಿದ್ದರೂ, ನೆಲಕ್ಕೆ ಗಾರೆ ಮತ್ತು ಟೈಲ್ಸ್ ಸೇರಿ 3 ಅಂಗುಲ ಏರಿ, ಮೆಟ್ಟಿಲಿಗೆ ಕಲ್ಲು ಮತ್ತು ಗಾರೆ ಸೇರಿ ಒಂದೂಮುಕ್ಕಾಲು ಅಂಗುಲವಷ್ಟೇ ಏರಿದರೆ, ಕೆಳಗಿನ ಮೆಟ್ಟಿಲು ಒಂದೂಕಾಲು ಅಂಗುಲ ತಗ್ಗುತ್ತದೆ, ಮೇಲಿನದು ಅಷ್ಟೇ ಹೆಚ್ಚುತ್ತದೆ. ಎರಡೂ ಅಂತಸ್ತಿನ ಮುಗಿದ ನೆಲದ ಮಟ್ಟವನ್ನು ಮೊದಲೇ ಗೋಡೆಯ ಮೇಲೆ ಗುರುತು ಹಾಕಿಸಿ, ಅದರಿಂದಲೇ ಮೆಟ್ಟಿಲು ಭಾಗ ಮಾಡಿಸಿ. ಮೇಸ್ತ್ರಿ ‘ಗಾರೆಯಲ್ಲಿ ಅಡ್ಜಸ್ಟ್ ಮಾಡೋಣ’ ಎಂದರೆ ಒಪ್ಪಬೇಡಿ.

ಇನ್ನು ಜಾರುವಿಕೆ. ಟೇಪು ಹೊರಗಿನ ಬಿಸಿಲು ಮಳೆಗೆ ಬೇಗ ಸುರುಳಿ ಏಳುತ್ತದೆ, ಎದ್ದ ಅಂಚು ತಾನೇ ಎಡವುಗಲ್ಲಾಗುತ್ತದೆ. ಅಂಚಿಗೆ ಮೂರು ಗೆರೆ ಕೊಯ್ಯಿಸುವುದು ಎಲ್ಲೆಡೆ ರೂಢಿ, ಆದರೆ ಧೂಳು ತುಂಬಿದ ಗೆರೆಯಿಂದ ಏನೂ ಪ್ರಯೋಜನವಿಲ್ಲ. ಕಾಲಿಡುವ ಭಾಗವನ್ನೆಲ್ಲ ಬುಷ್ ಹ್ಯಾಮರ್ (ಮುಖದಲ್ಲಿ ಹಲ್ಲುಗಳಿರುವ ಸುತ್ತಿಗೆ) ಹೊಡೆಸಿ ಒರಟು ಮಾಡಿಸುವುದು ಉತ್ತಮ. ಕಲ್ಲು ಬದಲಿಸುವುದಾದರೆ ಬೆಂಕಿಯ ಜ್ವಾಲೆಯಿಂದ ಮೇಲ್ಮೈ ಒರಟು ಮಾಡಿದ ಫ್ಲೇಮ್ಡ್ ಗ್ರಾನೈಟ್ ಹಾಕಿಸಿ. ಮುಖ ಮತ್ತು ಹಾಸು ಎರಡೂ ಕಪ್ಪಾಗಿದ್ದರೆ ಇಳಿಯುವವರಿಗೆ ಮೆಟ್ಟಿಲು ಒಂದೇ ಇಳಿಜಾರಿನಂತೆ ಕಾಣುತ್ತದೆ, ಆದ್ದರಿಂದ ಅಂಚಿನಲ್ಲಿ 2 ಅಂಗುಲದ ಬಿಳಿ ಅಥವಾ ಹಳದಿ ಪಟ್ಟೆ ಬೇಕು. ನಮ್ಮ ಕಡೆ ಜೋರು ಮಳೆ ಬರುವ ಸೆಪ್ಟೆಂಬರ್, ಅಕ್ಟೋಬರ್‌ಗೆ ಮೊದಲೇ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೆಗೆಯಿರಿ. ಅದರ ಜೊತೆ ಆ್ಯಸಿಡ್ ಸೇರಿಸಬೇಡಿ, ವಿಷಾನಿಲ ಏಳುತ್ತದೆ.

ನೀವು ಕೇಳದಿದ್ದರೂ ಹಿಡಿಕೆಯ ಬಗ್ಗೆ ಹೇಳಲೇಬೇಕು. ಹೊರಮೆಟ್ಟಿಲಿಗೆ 4 ಅಂಗುಲ ದಪ್ಪದ ಗೋಡೆ ಕಟ್ಟಿ ಮೇಲೆ ಕಲ್ಲು ಹಾಸುವುದು ಇಲ್ಲಿ ಸಾಮಾನ್ಯ. ಅದರ ಮೇಲೆ ಕೈ ಇಡಬಹುದು, ಬೀಳುವಾಗ ಹಿಡಿಯಲಾಗದು. ಒಂದೂವರೆಯಿಂದ 2 ಅಂಗುಲ ದಪ್ಪದ ಸ್ಟೀಲ್ ಪೈಪನ್ನು, ಮೆಟ್ಟಿಲಿನ ಅಂಚಿನಿಂದ 3 ಅಡಿ ಎತ್ತರದಲ್ಲಿ, ಗೋಡೆಯಿಂದ 2 ಅಂಗುಲ ಬಿಟ್ಟು ಕೂರಿಸಿ. ಪೈಪು ಕೊನೆಯ ಮೆಟ್ಟಿಲಿನ ಆಚೆಗೂ ಒಂದಡಿ ಮುಂದುವರಿಯಲಿ. ಅತ್ತೆಯವರು ಬೈಫೋಕಲ್ ಕನ್ನಡಕ ಹಾಕುತ್ತಿದ್ದರೆ, ಓದುವ ಕೆಳಭಾಗದ ಗಾಜಿನಿಂದ ಮೆಟ್ಟಿಲು ಮಸುಕಾಗಿ ಕಾಣುವುದರಿಂದ ಇಳಿಯುವಾಗ ತಲೆ ಬಗ್ಗಿಸಿ ಮೇಲಿನ ಗಾಜಿನಿಂದ ನೋಡಲು ಹೇಳಿ.

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನಲ್ಲಿ ನಮ್ಮ ರೇಷ್ಮೆ ಹುಳು ಸಾಕುವ ಮನೆ ಮಹಡಿಯಲ್ಲಿದೆ. ಹಿಪ್ಪುನೇರಳೆ ಸೊಪ್ಪು, ಚಂದ್ರಿಕೆ (ಹುಳು ಗೂಡು ಕಟ್ಟುವ ಅಗಲವಾದ ತಟ್ಟೆ) ಹೊತ್ತು ಹತ್ತುವಾಗ ಆಳುಗಳು ಜಾರುತ್ತಾರೆ. ಏನು ಮಾಡಬೇಕು?

ಉತ್ತರ: ಚಂದ್ರಿಕೆ ಹೊತ್ತವರಿಗೆ ತಮ್ಮ ಪಾದ ಕಾಣುವುದಿಲ್ಲ, ಎರಡೂ ಕೈ ಅದರಲ್ಲೇ ಇರುವುದರಿಂದ ಹಿಡಿಕೆಯಿದ್ದೂ ಉಪಯೋಗವಿಲ್ಲ. ಹೀಗಾಗಿ ಅದನ್ನು ಮೆಟ್ಟಿಲಿನಲ್ಲಿ ಹೊರುವುದನ್ನೇ ನಿಲ್ಲಿಸಿ. ಮಹಡಿಯ ಅಂಚಿಗೆ ರಾಟೆ ಹಾಕಿ ಹಗ್ಗದಲ್ಲಿ ಎಳೆಯಿರಿ. ಎಳೆಯುವವರ ಮುಂದೆ ಎದೆಮಟ್ಟದ ಕಂಬಿ ಇರಲಿ, ಕೆಳಗೆ ಯಾರೂ ನಿಲ್ಲದಿರಲಿ. ಸೊಪ್ಪನ್ನು ಒಂದು ಕೈ ಖಾಲಿ ಉಳಿಯುವಷ್ಟೇ ದೊಡ್ಡ ಕಟ್ಟು ಕಟ್ಟಿಸಿ. ತುಳಿದ ಹಸಿ ಎಲೆ ಸಿಮೆಂಟಿನ ಮೇಲೆ ಬಾಳೆಸಿಪ್ಪೆಯಷ್ಟೇ ಜಾರುವುದರಿಂದ, ಪ್ರತಿ ಸಲ ಸೊಪ್ಪು ಏರಿಸಿದ ಮೇಲೆ ಮೆಟ್ಟಿಲು ಗುಡಿಸುವುದು ಒಬ್ಬರ ಹೊಣೆಯಾಗಿರಲಿ. ರಾತ್ರಿ ಸೊಪ್ಪು ಕೊಡುವ ಕೆಲಸವೂ ಇರುವುದರಿಂದ ಮೇಲೆ ಕೆಳಗೆ ಎರಡೂ ಕಡೆ ಹಾಕಿ ಆರಿಸಬಹುದಾದ ಟೂ-ವೇ ಸ್ವಿಚ್ ಬೇಕು. ದೀಪ ಹತ್ತುವವರ ಬೆನ್ನ ಹಿಂದೆ ಇದ್ದರೆ ಅವರ ನೆರಳೇ ಮೆಟ್ಟಿಲನ್ನು ಮುಚ್ಚುತ್ತದೆ. ಪಕ್ಕದ ಗೋಡೆಗೆ ಹಾಕಿಸಿ.

ಪ್ರಶ್ನೆ: ಕೋಲಾರದ ನಮ್ಮ ಹೊಸ ಮನೆಯ ಮೆಟ್ಟಿಲಿಗೆ ಅಡ್ಡಡ್ಡ ಸ್ಟೀಲ್ ಪೈಪಿನ ಕಟಕಟೆ ಹಾಕಿಸುತ್ತಿದ್ದೇವೆ. ಎರಡು ವರ್ಷದ ಮಗುವಿದೆ. ಸುರಕ್ಷಿತವೇ?

ಉತ್ತರ: ಅಲ್ಲ. ಅಡ್ಡ ಪೈಪು ಮಗುವಿಗೆ ಏಣಿ. ಉದ್ದುದ್ದ ಕಂಬಿ ಹಾಕಿಸಿ. ಎರಡು ಕಂಬಿಗಳ ನಡುವೆ 4 ಅಂಗುಲಕ್ಕಿಂತ ಕಡಿಮೆ ಜಾಗವಿರಲಿ, ಏಕೆಂದರೆ ಅದಕ್ಕಿಂತ ಹೆಚ್ಚಾದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಹುದು. ಅಡ್ಡ ಪೈಪು ಈಗಾಗಲೇ ಬಂದಿದ್ದರೆ ಮಗು ದೊಡ್ಡದಾಗುವವರೆಗೆ ಒಳಮುಖಕ್ಕೆ ಪಾಲಿಕಾರ್ಬೊನೇಟ್ ಹಾಳೆ ಬಿಗಿಸಿ, ಮೆಟ್ಟಿಲಿನ ಮೇಲೂ ಕೆಳಗೂ ಚಿಲಕವಿರುವ ಗೇಟು ಇಡಿ. ಮೇಲಿನದನ್ನು ಗೋಡೆಗೆ ಸ್ಕ್ರೂ ಹಾಕಿಯೇ ಕೂರಿಸಿ, ಒತ್ತಿ ನಿಲ್ಲಿಸುವ ಬಗೆಯದು ಅಲ್ಲಿಗೆ ಬೇಡ.