ಟ್ಯಾಂಕರ್ ಬರುತ್ತದೆ ಎಂದು ನಂಬಿ ಕೂರಬೇಡಿ

ಬಿರುಗಾಳಿಯ ಮುನ್ಸೂಚನೆ ಹೊರಬಿದ್ದ ಕೂಡಲೇ ಉದ್ಯಮಿಗಳಿಂದ ಪ್ರಶ್ನೆಗಳ ರಾಶಿ ಬಂದು ಬೀಳುತ್ತದೆ. ಈ ಪ್ರಶ್ನೆಗಳನ್ನು ಆಕಾಶ ತಿಳಿಯಾಗಿದ್ದಾಗ ಕೇಳಿದ್ದರೆ ಅರ್ಧ ನಷ್ಟ ತಪ್ಪುತ್ತಿತ್ತು. ಪದೇ ಪದೇ ಬರುವ ಒಂದು ಪ್ರಶ್ನೆಗೆ ಈ ಬಾರಿ ವಿಸ್ತಾರವಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ನಮ್ಮದು ಶೈತ್ಯಾಗಾರ. ನೂರು ಕಿಲೋವಾಟ್ ಜನರೇಟರ್ ಮತ್ತು ಸಾವಿರ ಲೀಟರ್ ಡೀಸೆಲ್ ಟ್ಯಾಂಕ್ ಇದೆ. ತುರ್ತು ಸಂದರ್ಭದಲ್ಲಿ ಆದ್ಯತೆಯ ಮೇಲೆ ಇಂಧನ ಕೊಡುವುದಾಗಿ ಪೂರೈಕೆದಾರರು ಒಪ್ಪಂದದಲ್ಲಿ ಬರೆದುಕೊಟ್ಟಿದ್ದಾರೆ. ಇಷ್ಟು ಸಾಲದೇ?

ಸಾಲದು. ಮೊದಲು ಲೀಟರ್ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಹಾಕಿ. ನಿಮ್ಮ ಗಾತ್ರದ ಜನರೇಟರ್ ಮುಕ್ಕಾಲು ಲೋಡ್‌ನಲ್ಲಿ, ಅಂದರೆ ಸಾಮರ್ಥ್ಯದ ಮುಕ್ಕಾಲು ಭಾಗದಷ್ಟು ವಿದ್ಯುತ್ ಕೊಡುವಾಗ, ಗಂಟೆಗೆ ಸುಮಾರು 22 ಲೀಟರ್ ಡೀಸೆಲ್ ಕುಡಿಯುತ್ತದೆ. ಪೂರ್ಣ ಲೋಡ್‌ನಲ್ಲಿ ಅದು 28 ಲೀಟರ್ ಮುಟ್ಟುತ್ತದೆ. ಟ್ಯಾಂಕಿನ ತಳದಲ್ಲಿ ಕೆಸರು ಮತ್ತು ನೀರು ಕೂತಿರುವುದರಿಂದ ಕೊನೆಯ ಹನಿಯವರೆಗೂ ಎಳೆಯಲಾಗದು. ಸಾವಿರದಲ್ಲಿ 900 ಲೀಟರ್ ಸಿಕ್ಕಿತು ಎಂದುಕೊಂಡರೂ ಮುಕ್ಕಾಲು ಲೋಡ್‌ನಲ್ಲಿ ಸುಮಾರು 40 ಗಂಟೆ ಓಡುತ್ತದೆ, ಅಂದರೆ ಎರಡು ದಿನವೂ ಇಲ್ಲ. ಅದೂ ಬಿರುಗಾಳಿಯ ದಿನ ಟ್ಯಾಂಕ್ ಭರ್ತಿ ಇದ್ದರೆ. ನಾನು ನೋಡಿದ ಬಹುತೇಕ ಟ್ಯಾಂಕುಗಳು ಅರ್ಧ ಮಾತ್ರ ತುಂಬಿರುತ್ತವೆ.

ಇನ್ನು ಆ ಒಪ್ಪಂದ. ಅದನ್ನು ತೆಗೆದು ‘ಅನಿವಾರ್ಯ ಸನ್ನಿವೇಶ’ದ ಕಲಮನ್ನು ಓದಿ. ಪ್ರವಾಹ, ಬಿರುಗಾಳಿ, ರಸ್ತೆ ಬಂದ್, ಸರ್ಕಾರಿ ಆದೇಶ ಇವುಗಳಲ್ಲಿ ಯಾವುದು ಎದುರಾದರೂ ಪೂರೈಕೆಯ ಹೊಣೆ ತಮ್ಮದಲ್ಲ ಎಂದು ಅಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ನಿಮಗೆ ಡೀಸೆಲ್ ಅತ್ಯಗತ್ಯವಾಗುವ ದಿನವೇ ಆ ಮಾತಿನ ಕಟ್ಟು ಬಿಚ್ಚಿಹೋಗುತ್ತದೆ. ಪೂರೈಕೆದಾರರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ಮರಗಳು ಉರುಳಿ ಬಿದ್ದ ರಸ್ತೆಯಲ್ಲಿ ಟ್ಯಾಂಕರ್ ಓಡಿಸುವುದು ಯಾರಿಂದಲೂ ಆಗದು. ಓಡಿಸಿದರೂ ಮೊದಲ ಪಾಲು ಆಸ್ಪತ್ರೆಗೆ, ಕುಡಿಯುವ ನೀರಿನ ಪಂಪುಗಳಿಗೆ ಹೋಗುತ್ತದೆ, ಹೋಗಲೇಬೇಕು.

ಆದ್ದರಿಂದ ಪೂರೈಕೆದಾರರನ್ನು ಇಂದೇ ಕೂರಿಸಿ ಕೇಳಿ. ನಿಮ್ಮ ಡಿಪೋದ ಪಂಪುಗಳು ವಿದ್ಯುತ್ ಇಲ್ಲದೆ ನಡೆಯುತ್ತವೆಯೇ? ಇದೇ ‘ಆದ್ಯತೆ’ಯನ್ನು ಇನ್ನೆಷ್ಟು ಗ್ರಾಹಕರಿಗೆ ಬರೆದುಕೊಟ್ಟಿದ್ದೀರಿ? ಟ್ಯಾಂಕರ್‌ಗಳು ಎಷ್ಟು? ನಿಮ್ಮ ಮೆದುಗೊಳವೆಯ ತುದಿ ನಮ್ಮ ಟ್ಯಾಂಕಿನ ಬಾಯಿಗೆ ಕೂರುತ್ತದೆಯೇ? ಈ ಕೊನೆಯ ಪ್ರಶ್ನೆಯನ್ನು ಬಹಳ ಮಂದಿ ಹಗುರವಾಗಿ ಕಾಣುತ್ತಾರೆ. ಟ್ಯಾಂಕರ್ ಗೇಟಿನೊಳಗೆ ಬಂದು ನಿಂತಿದ್ದರೂ ಜೋಡಣೆ ಹೊಂದದೆ ಡೀಸೆಲ್ ಇಳಿಸದೆಯೇ ಹಿಂದಿರುಗುವುದುಂಟು. ಎರಡನೇ ಪೂರೈಕೆದಾರರನ್ನು ಇಟ್ಟುಕೊಂಡಿದ್ದೇವೆ ಎನ್ನುವವರು ಇಬ್ಬರೂ ಎಲ್ಲಿಂದ ತುಂಬಿಕೊಳ್ಳುತ್ತಾರೆ ಎಂದು ವಿಚಾರಿಸಬೇಕು. ಇಬ್ಬರದೂ ಒಂದೇ ಡಿಪೋ ಆದರೆ ನಿಮಗಿರುವುದು ಒಬ್ಬರೇ ಪೂರೈಕೆದಾರರು.

2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಗೆ ಅಪ್ಪಳಿಸಿತು. ಆಗ ನ್ಯೂಜೆರ್ಸಿಯ ಅನೇಕ ಬಂಕುಗಳ ನೆಲದಡಿ ಪೆಟ್ರೋಲ್ ಇತ್ತು, ಅದನ್ನು ಮೇಲೆತ್ತಲು ವಿದ್ಯುತ್ ಇರಲಿಲ್ಲ. ಕೊನೆಗೆ ವಾಹನದ ಸಂಖ್ಯೆ ಸಮವೋ ಬೆಸವೋ ನೋಡಿ ಇಂಧನ ಹಂಚಬೇಕಾಯಿತು. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರ್‌ಗಳು 13ನೇ ಮಹಡಿಯಲ್ಲಿ ಸುರಕ್ಷಿತವಾಗಿದ್ದವು. ಅವುಗಳಿಗೆ ಇಂಧನ ಏರಿಸುವ ಪಂಪು ನೆಲಮಾಳಿಗೆಯಲ್ಲಿ ಮುಳುಗಿತು. ಜನ ಮೆಟ್ಟಿಲಲ್ಲಿ ಸಾಲಾಗಿ ನಿಂತು ಡೀಸೆಲನ್ನು ಕೈಯಿಂದ ಕೈಗೆ ಮೇಲೆ ಸಾಗಿಸಿದರು. ಅಷ್ಟಾದರೂ ಕೊನೆಗೆ ರೋಗಿಗಳನ್ನು ಸ್ಥಳಾಂತರಿಸಬೇಕಾಯಿತು. ಜನರೇಟರ್ ಎಲ್ಲಿದೆ ಎಂದಷ್ಟೇ ನೋಡಿ ತೃಪ್ತರಾಗಬೇಡಿ. ಟ್ಯಾಂಕ್, ಪಂಪು, ಪಂಪಿನ ಸ್ವಿಚ್, ಗಾಳಿಕೊಳವೆ ಎಲ್ಲವೂ ನೀರಿನ ಮಟ್ಟಕ್ಕಿಂತ ಮೇಲಿವೆಯೇ ಎಂದು ನೋಡಿ. ಖಾಲಿ ಟ್ಯಾಂಕ್ ಪ್ರವಾಹದಲ್ಲಿ ತೇಲಿ ಕೊಳವೆಗಳನ್ನು ಕಿತ್ತುಹಾಕುತ್ತದೆ. ಅದನ್ನು ನೆಲಕ್ಕೆ ಬಿಗಿದಿರಬೇಕು, ತುಂಬಿಸಿಯೂ ಇರಬೇಕು.

ತುಂಬಿಸುವುದು ಯಾವಾಗ? ಬಿರುಗಾಳಿಗೆ ಮೂರು ದಿನ ಬಾಕಿ ಇರುವಾಗಲೇ. ಹಿಂದಿನ ದಿನ ಇಡೀ ಪ್ರದೇಶವೇ ಫೋನ್ ಮಾಡುತ್ತಿರುತ್ತದೆ.

ಇಷ್ಟಾದ ಮೇಲೆ ಬಳಕೆ ತಗ್ಗಿಸುವ ಮಾತು. ಎಲ್ಲರೂ ದೊಡ್ಡ ಟ್ಯಾಂಕಿನ ಕನಸು ಕಾಣುತ್ತಾರೆ. ಅದಕ್ಕೆ ಅಗ್ನಿಶಾಮಕ ನಿಯಮಗಳ ಮಿತಿ ಇರುತ್ತದೆ, ಪರವಾನಗಿ ಇಲ್ಲದೆ ದಾಸ್ತಾನು ಹೆಚ್ಚಿಸಕೂಡದು. ಲೋಡ್ ಇಳಿಸುವುದಕ್ಕೆ ಯಾರ ಪರವಾನಗಿಯೂ ಬೇಡ. ಕಚೇರಿಯ ಹವಾನಿಯಂತ್ರಣ ಆರಿಸಿ, ಅಲಂಕಾರದ ದೀಪ ಆರಿಸಿ. ಶೈತ್ಯಾಗಾರದ ಬಾಗಿಲು ಮುಚ್ಚಿಟ್ಟು, ಒಳಗಿನ ಉಷ್ಣಾಂಶ ನೋಡಿಕೊಂಡು ಕಂಪ್ರೆಸರ್‌ಗಳನ್ನು ಸರದಿಯಲ್ಲಿ ಓಡಿಸಿ. ಲೋಡ್ ಅರ್ಧಕ್ಕೆ ಇಳಿದರೆ ಗಂಟೆಗೆ ಸುಮಾರು 16 ಲೀಟರ್ ಸಾಕು. ಅದೇ 900 ಲೀಟರ್ ಆಗ 56 ಗಂಟೆ ಬರುತ್ತದೆ. ಯಾವ ಯಂತ್ರ ಮೊದಲು ಆರಬೇಕು ಎಂಬ ಪಟ್ಟಿಯನ್ನು ಕಾಗದದಲ್ಲಿ ಬರೆದು ಜನರೇಟರ್ ಕೋಣೆಯ ಗೋಡೆಗೆ ಅಂಟಿಸಿ. ಪೂರೈಕೆದಾರರ ಮತ್ತು ಜನರೇಟರ್ ನಡೆಸುವವರ ಫೋನ್ ಸಂಖ್ಯೆಗಳೂ ಅಲ್ಲೇ ಇರಲಿ. ಆ ಕೆಲಸ ಬಲ್ಲವರು ಒಬ್ಬರೇ ಇದ್ದು, ಅವರ ಮನೆಯ ರಸ್ತೆಯೂ ಮುಳುಗಿದರೆ ನಿಮ್ಮ ಡೀಸೆಲ್ ಇದ್ದೂ ಇಲ್ಲದಂತೆ.

ನಾನಂತೂ ಐದು ದಿನ ಯಾರೂ ಬರುವುದಿಲ್ಲ ಎಂದುಕೊಂಡೇ ಲೆಕ್ಕ ಹಾಕುತ್ತೇನೆ. ಅತಿಯಾದ ಎಚ್ಚರಿಕೆ ಎಂದು ಕೆಲವರು ಹೇಳುತ್ತಾರೆ. ಹೇಳಲಿ.

ಪ್ರಶ್ನೆ: ಎರಡು ವರ್ಷದಿಂದ ಟ್ಯಾಂಕಿನಲ್ಲಿರುವ ಡೀಸೆಲ್‌ಗೆ ಸಂರಕ್ಷಕ ದ್ರಾವಣ ಸುರಿದರೆ ಹೊಸದರಂತಾಗುತ್ತದೆಯೇ?

ಇಲ್ಲ. ಅಂಥ ದ್ರಾವಣ ತಾಜಾ ಡೀಸೆಲ್ ಕೆಡುವುದನ್ನು ನಿಧಾನಗೊಳಿಸುತ್ತದೆ, ಕೆಟ್ಟದ್ದನ್ನು ಸರಿಪಡಿಸುವುದಿಲ್ಲ. ತಳದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತವೆ, ತುರ್ತಿನ ದಿನವೇ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನೀರು ಬಸಿಯಿರಿ, ಮಾದರಿ ಪರೀಕ್ಷಿಸಿ, ಹೆಚ್ಚುವರಿ ಫಿಲ್ಟರ್ ಇಟ್ಟುಕೊಳ್ಳಿ. ಇಂಧನ ಕೊಳವೆಗೆ ಅಯಸ್ಕಾಂತ ಕಟ್ಟಿದರೆ ಬಳಕೆ ತಗ್ಗುತ್ತದೆ ಎಂದು ಮಾರಲು ಬರುವವರನ್ನು ಗೇಟಿನಲ್ಲೇ ತಡೆಯಿರಿ. ಜನರ ಭಯದ ಮೇಲೆ ದುಡ್ಡು ಮಾಡುವವರು ಅವರು.

ಪ್ರಶ್ನೆ: ವಾರಕ್ಕೊಮ್ಮೆ ಐದು ನಿಮಿಷ ಲೋಡ್ ಇಲ್ಲದೆ ಓಡಿಸಿ ನೋಡುತ್ತೇವೆ. ಸಾಕೇ?

ಅದು ಎಂಜಿನ್‌ಗೆ ಹಾನಿ. ಸರಿಯಾಗಿ ಉರಿಯದ ಇಂಧನ ಒಳಗೆ ಮಸಿಯಾಗಿ ಕೂರುತ್ತದೆ. ತಿಂಗಳಿಗೊಮ್ಮೆ ಅರ್ಧ ಗಂಟೆ, ಸಾಮರ್ಥ್ಯದ ಶೇ 30ಕ್ಕೆ ಕಡಿಮೆಯಿಲ್ಲದ ಲೋಡ್‌ನಲ್ಲಿ ಓಡಿಸಿ.

ಪ್ರಶ್ನೆ: ನೀರಿನ ಕ್ಯಾನುಗಳಲ್ಲಿ ಪೆಟ್ರೋಲ್ ತುಂಬಿಡಬಹುದೇ?

ಕೂಡದು. 2021ರಲ್ಲಿ ಅಮೆರಿಕದಲ್ಲಿ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಸ್ಥಗಿತಗೊಂಡು ಜನ ಪೆಟ್ರೋಲ್‌ಗೆ ಮುಗಿಬಿದ್ದಾಗ ಪ್ಲಾಸ್ಟಿಕ್ ಚೀಲಗಳಿಗೆ ಪೆಟ್ರೋಲ್ ತುಂಬಬೇಡಿ ಎಂದು ಅಲ್ಲಿನ ಸರ್ಕಾರಿ ಸಂಸ್ಥೆಯೇ ಎಚ್ಚರಿಸಬೇಕಾಯಿತು.

ಪ್ರಶ್ನೆ: ಮಳೆಗೆ ನೆನೆಯದಂತೆ ಜನರೇಟರನ್ನು ಒಳಗಿಟ್ಟು ಕಿಟಕಿ ತೆರೆದರೆ?

ಸಾಯುತ್ತೀರಿ. ಜನರೇಟರ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ. ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರ, ಹೊರಗೆ, ಹೊಗೆ ಕಟ್ಟಡದತ್ತ ಬಾರದಂತೆ ಇಡಿ.

ಪ್ರಶ್ನೆ: ಬೀದಿಯ ವಿದ್ಯುತ್ ಕಡಿದು ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲ. ಸದ್ಯಕ್ಕೆ ಜನರೇಟರ್ ತಂತಿಯನ್ನು ಗೋಡೆಯ ಸಾಕೆಟ್‌ಗೆ ಸಿಕ್ಕಿಸಬಹುದೇ?

ಆ ವಿದ್ಯುತ್ ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿಯುತ್ತದೆ. ನಿಮಗಾಗಿಯೇ ಕಂಬ ಹತ್ತಿರುವ ಲೈನ್‌ಮನ್ ಅಲ್ಲೇ ಸುಟ್ಟುಹೋಗಬಹುದು. ಸ್ವಿಚ್ ಹಾಕಿಸುವವರೆಗೆ ಜನರೇಟರ್ ಮುಟ್ಟಬೇಡಿ, ಇಂಧನದ ಪ್ರಶ್ನೆಯನ್ನು ಆಮೇಲೆ ಕಳುಹಿಸಿ.