ಪ್ರಕರಣ: ಆಟದ ನಡುವೆ ಹೊರಗೆ ಕರೆಸಿಕೊಂಡ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬ. ಹದಿನೇಳರ ಮಗ ಶಾಲೆಯ ಬೇಸ್‌ಬಾಲ್ ತಂಡದ ಔಟ್‌ಫೀಲ್ಡರ್, ಅಂದರೆ ಮೈದಾನದ ಹೊರಭಾಗದಲ್ಲಿ ನಿಂತು ಚೆಂಡು ಹಿಡಿಯುವವ. ಚೆಂಡಿನ ಹಿಂದೆ ನಿಧಾನವಾಗಿ ಓಡಿದನೆಂದು ಕೋಚ್ ಆಟದ ನಡುವೆಯೇ ಅವನನ್ನು ಹೊರಗೆ ಕರೆಸಿ ಎಲ್ಲರೆದುರು ಬೈದಿದ್ದರು. ಆಮೇಲೆ ಅವನಿಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ.

ತಂದೆ ನ್ಯೂಯಾರ್ಕಿನ ಬೇಸ್‌ಬಾಲ್ ತಂಡ ಯಾಂಕೀಸ್‌ನ ಅಭಿಮಾನಿ. "ಮೇಡಂ, 1977ರಲ್ಲಿ ಯಾಂಕೀಸ್ ಆಟಗಾರ ರೆಗ್ಗಿ ಜಾಕ್ಸನ್‌ಗೂ ಹೀಗೇ ಆಗಿತ್ತು. ಆದ್ರೂ ಆ ವರ್ಷ ಗೆದ್ದರಲ್ಲ? ಇವನು ಯಾಕಿಷ್ಟು ಮನಸ್ಸಿಗೆ ಹಚ್ಕೋಬೇಕು?"

ಆ ಕಥೆಯನ್ನು ಅವರು ಅರ್ಧಕ್ಕೇ ನಿಲ್ಲಿಸಿದ್ದರು. 1977ರ ಜೂನ್ 18, ಬಾಸ್ಟನ್‌ನ ಫೆನ್‌ವೇ ಪಾರ್ಕ್ ಮೈದಾನ. ಎದುರಾಳಿ ತಂಡದ ಜಿಮ್ ರೈಸ್ ಹೊಡೆದ ಚೆಂಡಿಗೆ ಜಾಕ್ಸನ್ ಮನಸ್ಸಿಟ್ಟು ಓಡಲಿಲ್ಲವೆಂದು ಯಾಂಕೀಸ್ ಮ್ಯಾನೇಜರ್ (ತಂಡದ ಮುಖ್ಯ ಕೋಚ್) ಬಿಲ್ಲಿ ಮಾರ್ಟಿನ್ ಇನ್ನಿಂಗ್ಸ್ ಮುಗಿಯುವ ಮೊದಲೇ ಬದಲಿ ಆಟಗಾರ ಪಾಲ್ ಬ್ಲೇರ್ ಅವರನ್ನು ಕಳಿಸಿ ಜಾಕ್ಸನ್‌ರನ್ನು ವಾಪಸು ಕರೆಸಿದರು. ಮೈದಾನದ ಅಂಚಿನಲ್ಲಿ ತಂಡ ಕೂರುವ ಡಗೌಟ್‌ನಲ್ಲಿ ಮಾರ್ಟಿನ್, ಜಾಕ್ಸನ್ ಇಬ್ಬರೂ ಕೈಕೈ ಮಿಲಾಯಿಸುವ ಹಂತಕ್ಕೆ ಬಂದರು. ತಂಡದ ಕೋಚ್‌ಗಳಾದ ಯೋಗಿ ಬೆರಾ, ಎಲ್‌ಸ್ಟನ್ ಹೊವಾರ್ಡ್ ಮಾರ್ಟಿನ್‌ರನ್ನು ಹಿಡಿದು ನಿಲ್ಲಿಸಿದರು. ದೇಶವೆಲ್ಲ ಟಿವಿಯಲ್ಲಿ ನೋಡಿತು. ಅಕ್ಟೋಬರ್‌ನಲ್ಲಿ, ಚಾಂಪಿಯನ್ ತಂಡವನ್ನು ನಿರ್ಧರಿಸುವ ವಿಶ್ವ ಸರಣಿಯ (ವರ್ಲ್ಡ್ ಸೀರೀಸ್) ಆರನೇ ಪಂದ್ಯದಲ್ಲಿ, ಜಾಕ್ಸನ್ ಮೂರು ಹೋಮ್ ರನ್ ಹೊಡೆದರು, ಯಾಂಕೀಸ್ ಗೆದ್ದಿತು. ಆದರೆ ಗೆಲುವು ಮನಸ್ತಾಪವನ್ನು ಅಳಿಸಲಿಲ್ಲ. ಮರುವರ್ಷ ಜುಲೈನಲ್ಲಿ ಮ್ಯಾನೇಜರ್ ಸೂಚನೆ ಮೀರಿ ಬಂಟ್ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವ ಹೊಡೆತ) ಆಡಲು ಹೋದ ಜಾಕ್ಸನ್ ಅಮಾನತಾದರು. ಅದೇ ತಿಂಗಳು ಮಾರ್ಟಿನ್ ಕಣ್ಣೀರಿಡುತ್ತ ರಾಜೀನಾಮೆ ಕೊಟ್ಟರು.

ಹುಡುಗನೊಬ್ಬನೇ ಇದ್ದಾಗ ಕೇಳಿದೆ. ಗ್ಲೌಸಿನ ದಾರ ಎಳೆಯುತ್ತ ಹೇಳಿದ: "ನಾನು ಓಡ್ಲಿಲ್ಲ ಅನ್ನೋದು ನಿಜ ಆಂಟಿ. ಆದ್ರೆ ಅಮ್ಮ ಅಲ್ಲೇ ಕೂತಿದ್ರು."

ನೋವಿದ್ದದ್ದು ಅಲ್ಲಿ. ತಪ್ಪಿಗೆ ಬೈಸಿಕೊಳ್ಳುವುದು ಬೇರೆ, ತಾಯಿಯೆದುರು ಮಾನ ಹೋಗುವುದು ಬೇರೆ. ಇವೆರಡನ್ನೂ ಒಟ್ಟಿಗೇ ಎತ್ತಿದರೆ ಕೋಚ್ ಕಿವಿಗೆ ನೆಪವಷ್ಟೇ ಕೇಳಿಸುತ್ತದೆ.

ನಾನು ಕೊಟ್ಟ ಸಲಹೆ: ಪಂದ್ಯದ ದಿನ ಬೇಡ, ಅಭ್ಯಾಸ ಮುಗಿದ ಮೇಲೆ ಐದು ನಿಮಿಷ ಸಮಯ ಕೇಳು. "ಅವತ್ತು ನಾನು ಓಡಬೇಕಿತ್ತು" ಎಂದು ಮೊದಲು ನೀನೇ ಹೇಳು, ಅದಕ್ಕೆ 'ಆದರೆ' ಸೇರಿಸಬೇಡ. ಅವರ ಉತ್ತರ ಪೂರ್ತಿ ಕೇಳಿದ ಮೇಲೆ, ಮುಂದೆ ತಪ್ಪಿದ್ದರೆ ಪಕ್ಕಕ್ಕೆ ಕರೆದು ಹೇಳಿ ಎಂದು ವಿನಂತಿಸು. ಬೇರೆ ಆಟಗಾರರ ಹೆಸರು ಎತ್ತಬೇಡ. ನಾವಿಬ್ಬರೂ ಇದನ್ನು ಜೋರಾಗಿ ಆಡಿ ಅಭ್ಯಾಸ ಮಾಡಿದೆವು. ಮೊದಲ ಸಲ ಅವನ ದನಿಯೇ ಹೊರಡಲಿಲ್ಲ.

ತಂದೆ-ತಾಯಿಗೆ: ಈ ಮಾತು ಅವನೇ ಆಡಲಿ, ನೀವು ಕೋಚ್‌ಗೆ ಫೋನ್ ಮಾಡಬೇಡಿ. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಆಟದ ವಿಮರ್ಶೆ ಬೇಡ. ಎಲ್ಲರೆದುರು ಬೈಯುವುದು ಮುಂದುವರಿದರೆ ಆಗ ನೀವೇ ಶಾಲೆಯ ಕ್ರೀಡಾ ನಿರ್ದೇಶಕರನ್ನು ಕಾಣಿ. ಎರಡು ವಾರದಲ್ಲಿ ನಿದ್ದೆ, ಊಟ ಸರಿಹೋಗದಿದ್ದರೆ ಕಾಯಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ.